ನನ್ನ ಮಗ ಮಾತ್ರನಾ?

ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 94 ವರ್ಷ ಬದುಕಿದರು (1899–1993). ಆದರೆ ಅವರನ್ನ ನೆನೆಯೋದು ದೀರ್ಘಾಯುಷ್ಯಕ್ಕಲ್ಲ.

1965ರ ಯುದ್ಧದಲ್ಲಿ ಅವರ ಪೈಲಟ್ ಮಗ ಪಾಕಿಸ್ತಾನದ ಸೆರೆಗೆ ಸಿಕ್ಕಿದ. ಹಿಂದೆ ಇವರ ಕೈಕೆಳಗಿದ್ದ ಅಯೂಬ್ ಖಾನ್, ಮಗನನ್ನು ಬಿಡುತ್ತೇನೆಂದು ಹೇಳಿಕಳಿಸಿದರು. ತಂದೆ ಒಪ್ಪಲಿಲ್ಲ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ ಅಂದರು.

ಇದು ಪ್ರೀತಿ ಇಲ್ಲದ ತಂದೆಯ ಮಾತಾ? ಬೆಲೆ ತೆತ್ತವನು ಮಗನಲ್ಲವೇ? ಹೌದು, ಪ್ರಿಯರೇ. ಆದರೆ ಬೇರೆ ತಾಯಂದಿರೂ ಕಾಯ್ತಾ ಇದ್ದರು. ಆ ತಂದೆಯ ಹೃದಯದಲ್ಲಿ ಅವರ ಮಕ್ಕಳಿಗೂ ಜಾಗ ಇತ್ತು. ಮಗ 1966ರಲ್ಲಿ ಮರಳಿದ.

ಹಣ ಕೊಡೋದು ಸುಲಭ. ನಮ್ಮವರಿಗೆ ಸಿಗುವ ವಿಶೇಷ ಬಾಗಿಲನ್ನ ಬೇಡ ಅನ್ನೋದೇ ದೊಡ್ಡ ಔದಾರ್ಯ. ನಾಳೆ ಮಾಲೂರಿನ ಫ್ಯಾಕ್ಟರಿಯಲ್ಲಿ ಯಾರಾದ್ರೂ ನಿಮ್ಮ ತಮ್ಮನಿಗೆ ಶಿಫಾರಸ್ಸಿನ ಕೆಲಸ ಕೊಡ್ತೀನಿ ಅಂದ್ರೆ, ಲೈನಲ್ಲಿ ನಿಂತಿರೋ ಮಕ್ಕಳನ್ನೂ ನೋಡಿರಿ. ಅವರೂ ಒಬ್ಬ ತಂದೆಯವರೇ. ಆಮೆನ್.