ಯಾತ್ರಿಕನ ಕಿಸೆಯಲ್ಲಿರುವ ಫೋನು



ಸ್ಪೇನ್ ದೇಶದಲ್ಲಿ ಸಾಂತಿಯಾಗೋ ಎಂಬ ಪಟ್ಟಣವುಂಟು. ಅಪೊಸ್ತಲನಾದ ಯಾಕೋಬನ ಸಮಾಧಿಯು ಅಲ್ಲಿರುವದೆಂದು ಆ ದೇಶದವರು ಪರಂಪರೆಯಾಗಿ ಹೇಳುತ್ತಾ ಬಂದದ್ದರಿಂದ, ಸಾವಿರ ವರುಷಗಳಿಗೂ ಹೆಚ್ಚು ಕಾಲದಿಂದ ಯಾತ್ರಿಕರು ಕಾಲ್ನಡೆಯಾಗಿ ಅಲ್ಲಿಗೆ ಹೋಗುತ್ತಿದ್ದಾರೆ. ಫ್ರಾನ್ಸಿನ ಗಡಿಯಿಂದ ಹೊರಡುವ ಪ್ರಸಿದ್ಧ ಮಾರ್ಗವು ಸುಮಾರು 780 ಕಿಲೋಮೀಟರು. ನಡೆದು ಮುಗಿಸುವದಕ್ಕೆ ಸುಮಾರು ಐದು ವಾರ ಬೇಕು. 2024ರಲ್ಲಿ ಎಲ್ಲಾ ಮಾರ್ಗಗಳಿಂದ ಬಂದ ಸುಮಾರು 5 ಲಕ್ಷ ಯಾತ್ರಿಕರು ಅಲ್ಲಿಯ ಕಚೇರಿಯಲ್ಲಿ ಹೆಸರು ಬರೆಯಿಸಿದರು.

ಯಾತ್ರೆಯಿಂದ ಪಾಪಪರಿಹಾರವಾಗುವದೆಂದು ನಾವು ನಂಬುವವರಲ್ಲ. ಯಾತ್ರೆಯಿಂದ ಪುಣ್ಯ ಬರುವದೆಂಬ ಎಣಿಕೆಯನ್ನು ಲೂಥರನು 1520ರಲ್ಲಿಯೇ ಖಂಡಿಸಿ ಬರೆದನು. ರಕ್ಷಣೆಯು ಕೃಪೆಯಿಂದಲೇ ಹೊರತು ಅಂಗಾಲಿನ ಗುಳ್ಳೆಗಳಿಂದಲ್ಲ. ಆದರೂ ದೇವರ ಮುಂದೆ ಮೌನವಾಗಿರಬೇಕೆಂದು ಒಬ್ಬನು ಐದು ವಾರ ನಡೆದರೆ ನಾವು ಅವನನ್ನು ಹಳಿಯುವದಿಲ್ಲ. ಆದರೆ ಆ ಮೌನವು ಅವನಿಗೆ ದೊರೆಯುವದೋ?

ನಮ್ಮ ಸಭೆಗಳ ಮಕ್ಕಳಲ್ಲಿ ಬೆಂಗಳೂರಿನ ಕಂಪೆನಿಗಳ ಕೆಲಸದಲ್ಲಿರುವವರುಂಟು. ಅಂಥವನೊಬ್ಬನು ಆ ದಾರಿಯನ್ನು ಹಿಡಿದರೆ ಅವನ ಕೆಲಸವೂ ಫೋನಿನೊಳಗೆ ಕೂತು ಸಂಗಡಲೇ ಹೊರಡುವದು. ಬೇಸಗೆಯಲ್ಲಿ ನಮ್ಮ ಗಡಿಯಾರವು ಸ್ಪೇನಿನದಕ್ಕಿಂತ ಮೂರೂವರೆ ಘಂಟೆ ಮುಂದಿರುವದು. ಅವನು ಬೆಳಿಗ್ಗೆ 6 ಘಂಟೆಗೆ ಜೋಡು ಮೆಟ್ಟುವಾಗ ಇಲ್ಲಿ 9.30 ಆಗಿ ಕಚೇರಿ ತೆರೆದಿರುವದು. ಅವನು ನಡೆಯುವ ಹೊತ್ತೆಲ್ಲಾ ಇಲ್ಲಿಯ ಕೆಲಸದ ಹೊತ್ತೇ. ಕೆಲಸದ ವೇಳೆ ಮುಗಿದ ಮೇಲೆ ಫೋನಿಗೆ ಉತ್ತರಿಸದೆ ಇರುವ ಹಕ್ಕನ್ನು ಸ್ಪೇನಿನ 2018ರ ಕಾನೂನು ಕೆಲಸಗಾರರಿಗೆ ಕೊಟ್ಟಿರುವದು ನಿಜ. ಆದರೆ ಅದು ಬೆಂಗಳೂರಿನ ಯಜಮಾನನನ್ನು ಕಟ್ಟಲಾರದು. ಕರೆಗೆ ಉತ್ತರಿಸದಿದ್ದರೆ ಕೆಲಸ ಹೋದೀತೆಂಬ ಭಯವು ಬಡವರ ಮನೆಯಿಂದ ಓದಿ ಮೇಲೆ ಬಂದವನಿಗೆ ಸಣ್ಣದಲ್ಲ. ಅವನ ಸಂಬಳವನ್ನು ನೆಚ್ಚಿಕೊಂಡು ಹಳ್ಳಿಯಲ್ಲಿ ತಂದೆತಾಯಿಗಳಿರುವರು.

ನಮ್ಮ ಕರ್ತನು ಏನು ಮಾಡಿದನು? ಕಪೆರ್ನೌಮಿನಲ್ಲಿ ಅನೇಕ ರೋಗಿಗಳನ್ನು ವಾಸಿಮಾಡಿದ ಮರುದಿನ ಇನ್ನೂ ಕತ್ತಲಿರುವಾಗಲೇ ಆತನು ಎದ್ದು ಅಡವಿಗೆ ಹೋಗಿ ಪ್ರಾರ್ಥಿಸಿದನು. ಎಲ್ಲರೂ ಹುಡುಕುತ್ತಿದ್ದಾರೆಂದು ಶಿಷ್ಯರು ಬಂದು ಹೇಳಿದಾಗಲೂ ಹಿಂದಕ್ಕೆ ತಿರುಗದೆ, ತಾನು ಕಳುಹಿಸಲ್ಪಟ್ಟ ಕೆಲಸಕ್ಕಾಗಿ ಮುಂದಿನ ಊರುಗಳಿಗೆ ಹೊರಟನು. ಕರೆದವರೆಲ್ಲರಿಗೂ ಆ ಕ್ಷಣವೇ ಓಗೊಡುವದೇ ನಂಬಿಗಸ್ತಿಕೆಯಲ್ಲವೆಂದು ಇದರಿಂದ ತಿಳಿಯುವದು.

ಹಾಗಾದರೆ ಫೋನನ್ನು ಹಳ್ಳಕ್ಕೆ ಎಸೆಯಬೇಕೋ? ಬೇಡ. ಬೆಳಗಿನಿಂದ ಸಾಯಂಕಾಲದ ವರೆಗೆ ಒಬ್ಬನೇ ನ್ಯಾಯತೀರಿಸುತ್ತಿದ್ದ ಮೋಶೆಗೆ ಮಾವನಾದ ಇತ್ರೋನನು ಹೇಳಿದ ಬುದ್ಧಿಯನ್ನು ನೆನಸಿರಿ: ಸಣ್ಣ ಕಾರ್ಯಗಳನ್ನು ಯೋಗ್ಯರಾದ ಬೇರೆಯವರು ತೀರಿಸಲಿ, ಕಠಿಣವಾದದ್ದು ಮಾತ್ರ ನಿನ್ನ ಬಳಿಗೆ ಬರಲಿ. ಹಾಗೆಯೇ ಯಾತ್ರಿಕನು ಹೊರಡುವ ಮುಂಚೆ ಕೆಲಸವನ್ನು ಒಬ್ಬರಿಗೆ ಚೆನ್ನಾಗಿ ಒಪ್ಪಿಸಲಿ. ಪಿರನೀಸ್ ಬೆಟ್ಟಗಳಲ್ಲಿ ಕೆಲವು ಕಡೆ ಸಿಗ್ನಲ್ ಸಿಕ್ಕದೆಂದು ಯಜಮಾನನಿಗೆ ಸತ್ಯವನ್ನೇ ಹೇಳಲಿ. ಯಾವಾಗಲೂ ಸಿಗುವೆನೆಂದು ಮಾತು ಕೊಡದಿರಲಿ. ಮಧ್ಯಾಹ್ನ 2 ಘಂಟೆಗೆ ಛತ್ರ ಸೇರಿದರೆ ಇಲ್ಲಿ 5.30, ಆ ಒಂದು ಹೊತ್ತನ್ನು ಕೆಲಸಕ್ಕೆ ಗೊತ್ತುಮಾಡಲಿ. ಛತ್ರಗಳಲ್ಲಿ ಒಂದೇ ಕೊಠಡಿಯಲ್ಲಿ ಅನೇಕರು ಮಲಗುವದರಿಂದ ಹೊರಗೆ ಹೋಗಿ ಮಾತಾಡಲಿ. ಮನೆಯವರ ಕಷ್ಟದ ಕರೆಗೂ ಅಪಾಯಕಾಲದ 112 ಸಂಖ್ಯೆಗೂ ಫೋನು ಕಿಸೆಯಲ್ಲಿರಲಿ; ದಾರಿಯಲ್ಲಿ ಅದು ಸೇವಕನಾಗಿರಲಿ, ಒಡೆಯನಾಗದಿರಲಿ.

ಆ ಮಾರ್ಗದಲ್ಲಿ ಸುಮಾರು 1500 ಮೀಟರು ಎತ್ತರದ ಸ್ಥಳವೊಂದರಲ್ಲಿ ಉದ್ದ ಕಂಬದ ಮೇಲೆ ಕಬ್ಬಿಣದ ಶಿಲುಬೆಯುಂಟು. ಯಾತ್ರಿಕರು ತಮ್ಮ ಊರಿಂದ ತಂದ ಕಲ್ಲನ್ನು ಅದರ ಬುಡದಲ್ಲಿ ಹಾಕುವದು ವಾಡಿಕೆ. ಕಲ್ಲನ್ನು ಹಾಕುವದು ಸುಲಭ. ನಾನಿಲ್ಲದಿದ್ದರೆ ಯಾವದೂ ನಡೆಯದೆಂಬ ಎಣಿಕೆಯನ್ನು ಇಳಿಸುವದು ಕಷ್ಟ. ಅದರಲ್ಲಿ ಭಯವೂ ಉಂಟು, ಗರ್ವವೂ ಉಂಟು.

ಪ್ರಿಯರೇ, ನಮ್ಮಲ್ಲಿ ಬಹು ಮಂದಿ ಸ್ಪೇನನ್ನು ಕಾಣಲಿಕ್ಕಿಲ್ಲ. ಆದರೆ ಭಾನುವಾರದ ಆರಾಧನೆಯಲ್ಲಿಯೂ ಮನೆಯ ಪ್ರಾರ್ಥನೆಯಲ್ಲಿಯೂ ಅದೇ ಫೋನು ನಮ್ಮ ಕಿಸೆಯಲ್ಲಿ ಗುಣುಗುಡುತ್ತದಷ್ಟೆ. ನಾವು ನಿದ್ರಿಸುವಾಗಲೂ ಲೋಕವನ್ನು ನಡಿಸುವಾತನು ನಾವು ಮೊಣಕಾಲೂರಿದ ಅರ್ಧ ಘಂಟೆಯಲ್ಲಿ ಅದನ್ನು ಬೀಳಗೊಡುವನೋ? ಆತನನ್ನು ನಂಬಿ ಕೆಲಸವನ್ನು ಅದರ ಹೊತ್ತಿನಲ್ಲಿ ಮಾಡೋಣ. ಆತನ ಹೊತ್ತನ್ನು ಆತನಿಗೇ ಬಿಡೋಣ. ಆಮೆನ್.