ಶಿಕ್ಕಾ ಬೀಳದ ಟಿಕೇಟು

ಅಂಚೆಯಲ್ಲಿ ಬಂದ ಪಾಕೀಟಿನ ಟಿಕೇಟಿಗೆ ಶಿಕ್ಕಾ ಬಿದ್ದಿರದಿದ್ದರೆ ಅದನ್ನು ನೀರು ಹಚ್ಚಿ ಬಿಡಿಸಿ ಇನ್ನೊಂದು ಕಾಗದಕ್ಕೆ ಅಂಟಿಸಬಹುದೆ? ನಮ್ಮ ವಿಜಯಪುರ ಸೀಮೆಯಲ್ಲಿ ಅಂಚೆಚೀಟಿಗೆ ಟಿಕೇಟು ಎಂದೂ ಅದರ ಮೇಲೆ ಬೀಳುವ ಮುದ್ರೆಗೆ ಶಿಕ್ಕಾ ಎಂದೂ ಹೇಳುವ ರೂಢಿ. ಪ್ರಶ್ನೆ ಐದು ರೂಪಾಯಿಯದು. ಆದರೆ ನಾಲ್ಕು ಜನ ಹೆಣ್ಣುಮಕ್ಕಳು ಕೂತಲ್ಲಿ ಈ ಮಾತು ತೆಗೆದು ನೋಡಿ, ಶಾವಿಗೆ ಒಣಗುವವರೆಗೂ ವಾದ ಮುಗಿಯುವುದಿಲ್ಲ. ‘ತಪ್ಪು ಅವರದು, ಅವರು ಯಾಕೆ ಹೊಡೆಯಲಿಲ್ಲ?’ ಎನ್ನುವವರು ಒಂದು ಕಡೆ. ‘ಸರಕಾರ ಕೋಟಿಗಟ್ಟಲೆ ಚೆಲ್ಲುತ್ತದೆ, ನಮ್ಮ ಐದು ರೂಪಾಯಿಗೆ ಬಂತೆ?’ ಎನ್ನುವವರು ಅವರ ಹಿಂದೆ. ‘ಬೇಡವ್ವಾ, ಅದು ಒಂದು ಸಲ ಬಂದು ಮುಟ್ಟಿದ ಟಿಕೇಟು’ ಎನ್ನುವ ಒಬ್ಬಳೇ ಒಬ್ಬಳು ಇನ್ನೊಂದು ಕಡೆ.

ಈ ಜಗಳ ಅಂಚೆಚೀಟಿಯಷ್ಟೇ ಹಳೆಯದು. 1840ರಲ್ಲಿ ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಅಂಚೆಚೀಟಿ ಬಂದಾಗ ಅದರ ಬಣ್ಣ ಕಪ್ಪು, ಮುದ್ರೆಯ ಮಸಿ ಕೆಂಪು. ಜನ ಆ ಕೆಂಪನ್ನು ಒರೆಸಿ ಮತ್ತೆ ಹಚ್ಚತೊಡಗಿದರು. ಮರುವರ್ಷವೇ ಚೀಟಿಯನ್ನು ಕೆಂಪು ಮಾಡಿ, ಮಸಿಯನ್ನು ಕಪ್ಪು ಮಾಡಬೇಕಾಯಿತು. ಅಂದಿನಿಂದ ಟಪಾಲು ಕಚೇರಿಯ ಪರೀಕ್ಷೆಯೆಲ್ಲ ಬಹುಮಟ್ಟಿಗೆ ಕಣ್ಣಿನ ಪರೀಕ್ಷೆ. ತೂಕಕ್ಕೆ ತಕ್ಕ ಬೆಲೆಯ ಟಿಕೇಟು ಇದೆಯೆ, ಹರಿದಿದೆಯೆ, ಹಿಂದಿನ ಮಸಿಯ ಗೆರೆ ಎಲ್ಲಾದರೂ ಉಳಿದಿದೆಯೆ, ಮಸಿ ಹಿಡಿಯದಂತೆ ಮೇಲೆ ಗೋಂದು ಬಳಿದಿದ್ದಾರೆಯೆ, ಇಷ್ಟು. ಟಿಕೇಟು ಅದರಲ್ಲೇ ಅಚ್ಚಾಗಿರುವ ಪಾಕೀಟು, ಕಾರ್ಡು, ಇನ್‌ಲ್ಯಾಂಡ್ ಪತ್ರಗಳಲ್ಲಿ ಬಿಡಿಸುವ ಮಾತಿಲ್ಲ. ಅಲ್ಲಿ ನೋಡುವುದು ಬೆಲೆಯನ್ನು ಮಾತ್ರ. ಕಾಗದದ ದರ 2001ರಲ್ಲಿ ಐದು ರೂಪಾಯಿ ಆದಾಗ ಮನೆಯಲ್ಲಿ ಉಳಿದಿದ್ದ ಹಳೆಯ ಪಾಕೀಟು ಕೆಟ್ಟುಹೋಗಲಿಲ್ಲ. ಕಡಿಮೆ ಬಿದ್ದಷ್ಟಕ್ಕೆ ಇನ್ನೊಂದು ಟಿಕೇಟು ಹಚ್ಚಿದರೆ ಆಯಿತು. ದಾರಿಯಲ್ಲಿ ಯಾರೂ ಶಿಕ್ಕಾ ಹೊಡೆಯದೆ ಬಂದ ಟಿಕೇಟನ್ನು ಹಂಚುವ ಕಚೇರಿಯವರು ಕಂಡರೆ ಪೆನ್ನಿನಿಂದ ಗೀಟು ಎಳೆದುಬಿಡುತ್ತಾರೆ. ಅವರೂ ಮರೆತರೆ ಪ್ರಶ್ನೆ ನಮ್ಮ ಅಡುಗೆಮನೆಗೆ ಬರುತ್ತದೆ.

ನಾನು ಆ ಒಬ್ಬಳೇ ಒಬ್ಬಳ ಪಕ್ಷ. ಅದಕ್ಕೆ ಕಾರಣ ಅಂಚೆ ಕಚೇರಿಯಲ್ಲಿ ಸಿಕ್ಕಲಿಲ್ಲ, ದ್ರಾಕ್ಷಿ ತೋಟದಲ್ಲಿ ಸಿಕ್ಕಿತು. ತಿಕೋಟಾ ಕಡೆಯ ತೋಟಗಳಿಗೆ ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ಗೊತ್ತು. ಇಡೀ ದಿನ ಕಸ ತೆಗೆದು ಹೋದವಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯುವುದು ಯಾರಿಗೋ ಮರೆತುಹೋಯಿತು ಎನ್ನಿ. ಶನಿವಾರ ಲೆಕ್ಕ ಮಾಡುವಾಗ ಮಾಲೀಕ ‘ಪುಸ್ತಕದಾಗ ಇಲ್ಲ’ ಅಂದರೆ ಅವನನ್ನು ನಾವು ಏನೆಂದು ಕರೆಯುತ್ತೇವೆ? ಕೆಲಸ ಆಗಿದೆ, ಗುರುತು ಬಿದ್ದಿಲ್ಲ. ಶಿಕ್ಕಾ ಬೀಳದ ಟಿಕೇಟೂ ಇಂಥದೇ. ಯಾರೋ ಚೀಲ ಹೊತ್ತಿದ್ದಾರೆ, ಯಾರೋ ರಾತ್ರಿಯೆಲ್ಲ ಕೂತು ಊರೂರಿನ ಕಾಗದ ಬೇರೆ ಮಾಡಿದ್ದಾರೆ, ಯಾರೋ ಬಿಸಿಲಲ್ಲಿ ಸೈಕಲ್ ತುಳಿದಿದ್ದಾರೆ. ಟಿಕೇಟು ತೀರಿದ್ದು ಆ ದುಡಿತದಲ್ಲಿ. ಮಸಿ ಅದರ ಹಾಜರಿ ಮಾತ್ರ.

ವಾದ ಇಲ್ಲಿಗೆ ಮುಗಿದಿದ್ದರೆ ಸುಲಭವಿತ್ತು. ಆದರೆ ಕನಮಡಿಯಂಥ ಊರನ್ನು ನೆನೆದರೆ ಅಷ್ಟು ಗಟ್ಟಿಯಾಗಿ ಹೇಳಲು ನಾಲಿಗೆ ತಡೆಯುತ್ತದೆ. ಕನಮಡಿ ಗಡಿಯ ಊರು. ಆಚೆಗೆ ಮಹಾರಾಷ್ಟ್ರದ ಜತ್ತ ತಾಲ್ಲೂಕು. ಗಡಿಯಲ್ಲಿ ಕನ್ನಡ ನಿಲ್ಲುವುದಿಲ್ಲ, ಹೆಣ್ಣು ಕೊಡುವುದು ತರುವುದೂ ನಿಲ್ಲುವುದಿಲ್ಲ. ಆದರೆ 1972ರಲ್ಲಿ ಪಿನ್‌ಕೋಡು ಬಂದ ಮೇಲೆ ತವರು 586ರಲ್ಲಿ, ಗಂಡನ ಮನೆ 416ರಲ್ಲಿ. ಎತ್ತಿನ ಬಂಡಿಯಲ್ಲಿ ಹೋಗಿ ಬರುವಷ್ಟು ದೂರಕ್ಕೆ ಟಪಾಲು ಎರಡು ರಾಜ್ಯಗಳನ್ನು ಸುತ್ತಿ ಬರಬೇಕು. ಫೋನಿಲ್ಲದ ಆ ದಿನಗಳಲ್ಲಿ ಆ ಕಡೆಗೆ ಕೊಟ್ಟ ಎಷ್ಟೋ ಹೆಣ್ಣುಮಕ್ಕಳ ಕೈಯಲ್ಲಿ ಒಂದು ಇನ್‌ಲ್ಯಾಂಡಿನ ದುಡ್ಡೂ ಇರುತ್ತಿರಲಿಲ್ಲ. ಅತ್ತೆಯನ್ನು ಕೇಳಬೇಕು; ಕೇಳಿದರೆ ‘ಏನ್ ಬರಿಯಾಕಿ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಅಂಥವಳು ಮೈದುನನಿಗೆ ಬಂದ ಪಾಕೀಟಿನಿಂದ ಟಿಕೇಟೊಂದನ್ನು ಬಿಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು ಅಂದರೆ ಅವಳನ್ನು ಕಳ್ಳಿ ಅನ್ನಲು ನನಗೆ ಆಗುವುದಿಲ್ಲ.

ಕಾನೂನಿಗೆ ಆಗುತ್ತಿತ್ತು. ಬಳಸಿದ್ದೆಂದು ಗೊತ್ತಿದ್ದೂ ಸರಕಾರದ ಸ್ಟಾಂಪನ್ನು ಮತ್ತೆ ಬಳಸಿದರೆ ಎರಡು ವರ್ಷದವರೆಗೆ ಸೆರೆವಾಸ ಎಂದು ಭಾರತೀಯ ದಂಡ ಸಂಹಿತೆಯ 262ನೆಯ ಕಲಮು ಹೇಳುತ್ತಿತ್ತು. 2024ರ ಜುಲೈಯಲ್ಲಿ ಆ ಸಂಹಿತೆ ಹೋಗಿ ಹೊಸ ಭಾರತೀಯ ನ್ಯಾಯ ಸಂಹಿತೆ ಬಂದರೂ ಈ ಅಪರಾಧ ಹೋಗಿಲ್ಲ. ಕಾನೂನಿಗೂ ತಾರತಮ್ಯ ತಿಳಿಯುತ್ತದೆ ಅನ್ನಿ. ಸ್ಟಾಂಪನ್ನೇ ಖೋಟಾ ಮಾಡಿದವನಿಗೆ ಹಳೆಯ ಸಂಹಿತೆಯಲ್ಲಿ ಜೀವಾವಧಿಯವರೆಗೂ ಶಿಕ್ಷೆಯಿತ್ತು. ನಮ್ಮ ಉತ್ತರ ಕರ್ನಾಟಕದ ಖಾನಾಪುರದಿಂದಲೇ ಹೊರಟ ಅಬ್ದುಲ್ ಕರೀಮ್ ತೆಲಗಿಯನ್ನು ಯಾರೂ ಮರೆತಿರಲಾರರು. ನಕಲಿ ಛಾಪಾ ಕಾಗದ ಮಾರಿ 2001ರಲ್ಲಿ ಸಿಕ್ಕಿಬಿದ್ದವನು, 2017ರಲ್ಲಿ ಕೈದಿಯಾಗಿಯೇ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಸೆರಗಿನ ತುದಿಯ ಟಿಕೇಟನ್ನೂ ಅವನ ಕಾಗದದ ರಾಶಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಕಳ್ಳತನ ಕಳ್ಳತನವೇ’ ಅನ್ನುವವರ ಧೈರ್ಯ ನನಗಿಲ್ಲ.

ಆದರೂ ಒಂದು ಮಾತು ಉಳಿಯುತ್ತದೆ. ಆ ಟಿಕೇಟು ಸಿಕ್ಕಿಬಿದ್ದರೆ ದಂಡ ತೆರುವವರು ಯಾರು? ಹಚ್ಚಿದವಳಲ್ಲ. ಕೆಟ್ಟ ಟಿಕೇಟು ಹಚ್ಚದ ಟಿಕೇಟಿನ ಲೆಕ್ಕ. ಅಂಥ ಕಾಗದ ಬೇರಿಂಗ್ ಆಗುತ್ತದೆ, ಕಡಿಮೆ ಬಿದ್ದದ್ದರ ಎರಡರಷ್ಟನ್ನು ಕಾಗದ ಪಡೆಯುವವರು ಕೊಡಬೇಕು. 1898ರ ಅಂಚೆ ಕಾಯಿದೆಯಲ್ಲಿ ಸ್ಪಷ್ಟವಾಗಿತ್ತು: ಬೇಡವಾದರೆ ಒಡೆಯದೆ ಆಗಲೇ ತಿರುಗಿ ಕೊಡಿ, ಆಗ ಹೊಣೆ ಕಳಿಸಿದವರದು. ಕಾಯಿದೆ ಬರೆದವರು ತವರಿನ ಬಾಗಿಲಲ್ಲಿ ನಿಂತವರಲ್ಲ.

‘ಯಕ್ಕಾ, ಇದಕ ದಂಡ ಬಿದ್ದೈತಿ. ಬಿಡಿಸ್ಕೋತೀರೋ, ತಿರುಗಿ ಕಳಸ್ಲ್ಯೋ?’

‘ಮಗಳ ಕಾಗದರೀ ಯಣ್ಣಾ, ತಿರುಗಿ ಹ್ಯಾಂಗ ಕಳಸೂದು? ಒಳಗ ಏನ್ ಬರದಾಳೋ ಏನೋ. ನಿಂದರ್ರಿ, ಡಬ್ಬಿ ನೋಡಿ ಬರ್ತೀನಿ.’

ಜೋಳದ ಹಿಟ್ಟಿನ ಡಬ್ಬಿಯ ಹಿಂದಿನ ಚಿಲ್ಲರೆ ಎಲ್ಲಿಗೆ ಹೋಯಿತು ನೋಡಿ.

ಅಂಚೆಚೀಟಿ ಹುಟ್ಟಿದ್ದೇ ಈ ಸಂಕಟ ತಪ್ಪಿಸಲಿಕ್ಕೆ. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಕಾಗದ ಪಡೆದವರೇ ದುಡ್ಡು ಕೊಡಬೇಕಿತ್ತು. ಕವಿ ಕೋಲರಿಡ್ಜ್ ಹೇಳಿದ ಕಥೆಯೊಂದಿದೆ: ಬಡ ಹೆಂಗಸೊಬ್ಬಳು ಅಣ್ಣನ ಕಾಗದವನ್ನು ಕೈಯಲ್ಲಿ ಹಿಡಿದು ನೋಡಿ, ದುಡ್ಡಿಲ್ಲವೆಂದು ತಿರುಗಿ ಕೊಟ್ಟಳಂತೆ. ಕವಿ ಮರುಗಿ ತಾನೇ ದುಡ್ಡು ಕೊಟ್ಟು ಬಿಡಿಸಿಕೊಟ್ಟರೆ ಒಳಗೆ ಬರಿಯ ಖಾಲಿ ಹಾಳೆ. ಕಾಗದ ಬಂತೆಂದರೆ ಅಣ್ಣ ಸುಖವಾಗಿದ್ದಾನೆಂದು ಅವರಿಬ್ಬರ ನಡುವೆ ಗೊತ್ತುವಳಿ! ಟಪಾಲಿನವನ ಕಾಲು ಬಿಟ್ಟಿ ದುಡಿಯಿತು, ನಿಜ. ನಮ್ಮ ಹೆಣ್ಣುಮಕ್ಕಳು ಮೊಬೈಲು ಬಂದ ಹೊಸತರಲ್ಲಿ ತವರಿಗೆ ಕೊಡುತ್ತಿದ್ದ ‘ಮಿಸ್ಡ್ ಕಾಲ್’ ಇದರ ಮೊಮ್ಮಗಳಲ್ಲವೆ? ಒಂದು ಸಲ ಬಡಿದರೆ ಸುಖ, ಎರಡು ಸಲ ಬಡಿದರೆ ತಿರುಗಿ ಮಾಡು.

ಟಿಕೇಟನ್ನೇ ಹಚ್ಚದೆ ಬೇಕೆಂದೇ ಬೇರಿಂಗ್ ಹಾಕುವವರೂ ನಮ್ಮಲ್ಲಿ ಇದ್ದರು. ದುಡ್ಡು ವಸೂಲಿಯಾಗಬೇಕಲ್ಲ, ಬೇರಿಂಗ್ ಕಾಗದ ತಪ್ಪದೆ ಮುಟ್ಟುತ್ತದೆ ಎಂಬ ನಂಬಿಕೆ ಬೇರೆ. ತೆರುವವಳು ಅದೇ ತಾಯಿ, ದಂಡವೂ ಅಷ್ಟೇ. ಆದರೂ ನನ್ನ ಮನಸ್ಸು ಬೇರಿಂಗ್ ಹಾಕಿದವಳ ಕಡೆಗೇ ವಾಲುತ್ತದೆ. ಬರಿದಾದ ಪಾಕೀಟು ಬಾಯಿ ಬಿಟ್ಟು ಹೇಳುತ್ತದೆ: ‘ಯವ್ವಾ, ನನ್ನ ಕೈಯಾಗ ಏನೂ ಇಲ್ಲ, ನೀನೇ ಕೊಟ್ಟು ಬಿಡಿಸ್ಕೋ.’ ತಿರುಗಿ ಹಚ್ಚಿದ ಟಿಕೇಟು ‘ನಾನು ಕೊಟ್ಟೀನಿ’ ಅನ್ನುತ್ತದೆ. ಆಮೇಲೆ ತಾಯಿಯ ಬಾಗಿಲಲ್ಲಿ, ನೆರೆಯವರೆದುರು, ಟಪಾಲಿನವ ಅದನ್ನು ಸುಳ್ಳು ಮಾಡುತ್ತಾನೆ. ಡಬ್ಬಿಯ ಚಿಲ್ಲರೆ ಎಣಿಸುವಾಗ ಆ ತಾಯಿಗೆ ದುಡ್ಡಿಗಿಂತ ಹೆಚ್ಚು ಭಾರವಾಗುತ್ತಿದ್ದುದು ಅದೇ ಇರಬೇಕು. ಹಾಗೆಂದು ಬೇರಿಂಗ್ ಹಾಕಲು ಎಲ್ಲ ಮಗಳಂದಿರಿಗೂ ಆಗುತ್ತಿತ್ತೆ? ಅತ್ತೆಯ ಮನೆಯಲ್ಲಿ ಎರಡೂವರೆ ರೂಪಾಯಿ ಸಿಗುವುದಿಲ್ಲ ಎಂಬ ಸುದ್ದಿಯನ್ನು ಪಾಕೀಟಿನ ಮೇಲೆಯೇ, ಕಾಗದ ಒಡೆಯುವ ಮೊದಲೇ, ಊರಿಗೆಲ್ಲ ಕಾಣುವಂತೆ ಬರೆದು ಕಳಿಸಿದ ಹಾಗೆ ಅದು.