ಬಡಿಯದೆ ಬಿಟ್ಟ ಹುಣಸೆ

ತುಮಕೂರು ಜಿಲ್ಲೆಯ ಮಿಡಿಗೇಶಿಯ ಸುತ್ತಮುತ್ತ ಮಳೆ ಕಡಿಮೆ, ಬಂಡೆ ಹೆಚ್ಚು. ಇಂಥ ಸೀಮೆಯಲ್ಲಿ ನೆರಳೇ ಒಂದು ಆಸ್ತಿ. ಅದಕ್ಕೇ ಹಿರಿಯರು ಊರಾಚೆ ಗುಂಡುತೋಪು ಬೆಳೆಸಿದರು, ಊರೊಳಗೆ ಅರಳಿಕಟ್ಟೆ ಕಟ್ಟಿದರು. ಅವರಿಗೆ ಉದ್ಯಾನವೆಂದರೆ ಅದೇ.

ದೊರೆಗಳ ಉದ್ಯಾನವೂ ಈ ನೆಲದಲ್ಲಿತ್ತು. 1687ರಲ್ಲಿ ಮೊಗಲರ ವಶಕ್ಕೆ ಬಂದ ಇದೇ ಜಿಲ್ಲೆಯ ಶಿರಾ ಅವರ ಸುಬಾದ ರಾಜಧಾನಿಯಾಯಿತು. ನವಾಬ ದಿಲಾವರ್ ಖಾನನ ಕಾಲದಲ್ಲಿ ಏಳಿಗೆಯ ತುದಿ ಮುಟ್ಟಿತು. ಅಲ್ಲಿನ ಖಾನ್ ಬಾಗ್ ಬೆಂಗಳೂರಿನ ಲಾಲ್‌ಬಾಗಿಗೆ ಪ್ರೇರಣೆಯಾಗಿರಬಹುದೆಂದು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಟಿಪ್ಪುವಿನ ಕಾಲದಲ್ಲಿ ಶಿರಾದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದ ಸಂಗತಿಯೂ ಅದೇ ಗೆಜೆಟಿಯರಿನಲ್ಲಿದೆ. ಲಾಲ್‌ಬಾಗ್ ಇಂದಿಗೂ ಚಿಗುರುತ್ತಿದೆ. ಖಾನ್ ಬಾಗಿನ ವೈಭವ ಪುಸ್ತಕದ ಸಾಲಾಗಿ ಉಳಿದಿದೆ. ಊರೇ ಗುಳೆ ಎದ್ದ ಮೇಲೆ ಗಿಡಕ್ಕೆ ನೀರೆರೆಯುವವರು ಯಾರು?

ಅದೇ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋದರೆ ಬೇರೊಂದು ಉತ್ತರ ಸಿಗುತ್ತದೆ. ಅಲ್ಲಿ ಬೇಲಿಯಿಲ್ಲ, ಬಾಗಿಲಿಲ್ಲ. ಮನೆಗಳ ನಡುವೆ ಹಳೆಯ ಹುಣಸೆಮರಗಳಿವೆ. 1990ರ ದಶಕದಿಂದ ಬೂದು ಬಕಗಳೂ ಬಣ್ಣದ ಕೊಕ್ಕರೆಗಳೂ ಬಂದು ಆ ಕೊಂಬೆಗಳಲ್ಲಿ ಗೂಡು ಕಟ್ಟುತ್ತಿವೆ. ಅವು ಬರುವುದು ಹುಣಸೆ ಹಣ್ಣಾಗುವ ಹೊತ್ತಿಗೇ. ಬಯಲುಸೀಮೆಯ ಮನೆಗೆ ಹುಣಸೆಹಣ್ಣು ಸಾರಿನ ಹುಳಿಯೂ ಹೌದು, ಬೇಸಿಗೆಯ ಕಾಸೂ ಹೌದು. ಆದರೂ ಗೂಡಿರುವ ಮರವನ್ನು ಊರಿನವರು ಬಡಿಯುವುದಿಲ್ಲ. ಹಿಕ್ಕೆಯ ನಾತವನ್ನು ತಿಂಗಳುಗಟ್ಟಲೆ ಸಹಿಸುತ್ತಾರೆ.

ಮರ ನೆಡುವುದು ಪುಣ್ಯವೆಂದು ಕೇಳುತ್ತಲೇ ಬೆಳೆದಿದ್ದೇವೆ. ನೆಟ್ಟ ಮರದ ಫಲವನ್ನು ಕೈಗೆಟುಕುವಾಗಲೇ ಬಿಟ್ಟುಕೊಡುವುದು ಅದಕ್ಕಿಂತ ಕಷ್ಟದ ಪುಣ್ಯ. ನೆಡುವಾಗ ಮರ ನನ್ನದು ಎನಿಸುತ್ತದೆ; ದೋಟಿಯನ್ನು ಗೋಡೆಗೆ ಒರಗಿಸಿಟ್ಟ ದಿನ ನಾನೂ ಆ ಮರದ ಒಕ್ಕಲು ಎಂಬುದು ತಿಳಿಯುತ್ತದೆ. ಮೇಲೆ ಕೊಕ್ಕರೆಯ ಸಂಸಾರ, ಕೆಳಗೆ ನಮ್ಮದು. ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪೇ ಎನ್ನುತ್ತದೆ ಗಾದೆ. ಮುಪ್ಪಾಗುವವರೆಗೆ ಮರ ಉಳಿಯಬೇಕಾದರೆ ಅದರಡಿಯ ಮನೆಗಳಲ್ಲಿ ಇಂಥ ಸೈರಣೆ ಬೇಕು. ಅರಸನ ಬೊಕ್ಕಸ ತೋಟ ಮಾಡಿಸೀತು. ತಲೆಮಾರುಗಳ ಕಾಲ ಕಾಯುವುದು ನೆರೆಹೊರೆಯೇ.

ನಿಮ್ಮ ಬೀದಿಯಲ್ಲೂ ಒಂದು ಹಳೆಯ ಮರವಿರಬಹುದು. ಎಲೆ ಉದುರಿ ಅಂಗಳ ಗಲೀಜಾಯಿತೆಂದು ಅದರ ಕೊಂಬೆಗೆ ಕೊಡಲಿ ಎತ್ತುವ ಮುನ್ನ ಒಮ್ಮೆ ತಲೆಯೆತ್ತಿ ನೋಡಿ. ಗೂಡೊಂದು ಕಂಡರೆ ಈ ವರ್ಷಕ್ಕೆ ಬಿಟ್ಟುಬಿಡಿ.